ತಮ್ಮನ ವಿಮಾನಗಳಿಂದ ಯಾರೂ ಇಳಿಯುವುದಿಲ್ಲ

ನನ್ನ ತಮ್ಮ ಬೆಳಗಿನಿಂದ ಸಂಜೆಯವರೆಗೆ ವಿಮಾನಗಳನ್ನು ಬರಮಾಡಿಕೊಳ್ಳುತ್ತಾನೆ, ಬೀಳ್ಕೊಡುತ್ತಾನೆ, ಅವುಗಳ ಬಣ್ಣ ಬದಲಿಸುತ್ತಾನೆ, ಕಾಲ ಮುಗಿದವನ್ನು ಅಳಿಸಿ ಹಾಕುತ್ತಾನೆ. ಆದರೆ ಈ ಜನ್ಮದಲ್ಲಿ ಒಂದೇ ಒಂದು ವಿಮಾನವನ್ನೂ ಹತ್ತಿದವನಲ್ಲ! ಇದನ್ನು ಕೇಳಿದವರು ಅವನ ಬಗ್ಗೆ ಏನೂ ಹೇಳದೆ ನನ್ನ ಕಡೆ ಮರುಕದಿಂದ ನೋಡುತ್ತಾರೆ. ಅಂಥ ಮರುಕದ ಅಗತ್ಯವಿಲ್ಲ. ಅವನ ತಲೆ ಸರಿಯಾಗಿಯೇ ಇದೆ. ಸರಿಯಿಲ್ಲದ್ದೇನಾದರೂ ಇದ್ದರೆ ಅದು ಅವನ ವಿಮಾನಗಳಲ್ಲಿ.

ವಿಷಯವನ್ನು ಬಿಡಿಸಿ ಹೇಳುವೆ. ಗೋವೆಯ ವಾಸ್ಕೋದ ಗುಡ್ಡದ ಮೇಲೆ, ದಾಬೋಳಿ ನಿಲ್ದಾಣದಲ್ಲಿ ಇಳಿಯುವ ವಿಮಾನಗಳ ಹೊಟ್ಟೆ ಕಾಣುವಷ್ಟು ಸಮೀಪದಲ್ಲಿ ನಮ್ಮ ಮನೆಯಿದೆ. ನಾನು, ತಮ್ಮ, ಅವನ ಹೆಂಡತಿ ಶಾಂತವ್ವ, ಇಷ್ಟೇ ಜನ. ತಮ್ಮ ಆ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಏರಿಸಿ ಇಳಿಸುವ ಲೋಡರ್ ಆಗಿದ್ದ. ಬೆನ್ನು ಕೈಕೊಟ್ಟ ಮೇಲೆ ಮನೆ ಹಿಡಿದ. ಹಡಗಿನ ವ್ಯವಹಾರದ ಕಚೇರಿಯೊಂದು ಮೂಲೆಗೆ ಎಸೆದಿದ್ದ ಕಂಪ್ಯೂಟರನ್ನು ತಂದು, ಅಲ್ಲಿಂದಿಲ್ಲಿಂದ ಬಿಡಿಭಾಗ ಜೋಡಿಸಿ, ವಿಮಾನ ಹಾರಿಸುವ ಆಟವೊಂದನ್ನು ಅದರೊಳಗೆ ಕೂರಿಸಿದ. ಸಿಮ್ಯುಲೇಟರ್ ಎಂದು ಅದರ ಹೆಸರು. ಅದನ್ನು ತೆರೆದವರೆಲ್ಲ ಅದರಲ್ಲಿ ಪೈಲಟ್ ಆಗುತ್ತಾರಂತೆ. ನನ್ನ ತಮ್ಮ ಆಗಲಿಲ್ಲ. ನಿಲ್ದಾಣದ ಅಂಗಳದಲ್ಲಿ ತಾನು ಹಿಂದೆ ಯಾವ ಜಾಗದಲ್ಲಿ ನಿಂತು ವಿಮಾನಕ್ಕಾಗಿ ಕಾಯುತ್ತಿದ್ದನೋ, ಪರದೆಯೊಳಗೂ ಅದೇ ಜಾಗದಲ್ಲಿ ಹೋಗಿ ನಿಂತುಬಿಟ್ಟ!

“ಒಂದರ ಹಾರಸೋ, ನೋಡೂಣು,” ಎಂದೆ.

“ಹಾರಸಾಕ ಜಗತ್ತಿನ ತುಂಬ ಮಂದಿ ಅದಾರ ಅಕ್ಕಾ. ಬಂದದ್ದಕ್ಕ ಬಾ ಅನ್ನಾವ್ರು ಯಾರದಾರ?”

ಇದಕ್ಕೆ ಉತ್ತರವಿದ್ದರೆ ನೀವೇ ಹೇಳಿ!

ಆ ಆಟದಲ್ಲಿ ನಾವು ಹಾರಿಸುವ ವಿಮಾನವಲ್ಲದೆ ಬೇರೆ ವಿಮಾನಗಳೂ ಇರುತ್ತವೆ. ಅವನ್ನು ಕಂಪ್ಯೂಟರೇ ನಡೆಸುತ್ತದೆ. ಯಾವ ಕಂಪನಿಯದು, ಎಲ್ಲಿಂದ, ಯಾವ ಹೊತ್ತಿಗೆ, ಯಾವ ಬಣ್ಣದ ಉಡುಪಿನಲ್ಲಿ ಬರಬೇಕು ಎಂಬುದನ್ನು ಮಾತ್ರ ಯಾರಾದರೂ ಮೊದಲೇ ಹೇಳಿಟ್ಟಿರಬೇಕು. ದೇಶದೇಶಗಳ ಹವ್ಯಾಸಿಗಳು ಇವನ್ನೆಲ್ಲ ಗಂಟು ಕಟ್ಟಿ ಇಂಟರ್ನೆಟ್ಟಿನಲ್ಲಿ ಇಡುತ್ತಾರೆ. ತಮ್ಮ ಆ ಗಂಟನ್ನು ತಂದು ಬಿಚ್ಚಿ, ತಾರಸಿ ಹತ್ತಿ ನಿಜವಾದ ಆಕಾಶಕ್ಕೆ ಹೋಲಿಸಿ, ತಪ್ಪಿದ್ದನ್ನು ತಿದ್ದುತ್ತಾನೆ. ನಿಜದ ಲೋಕದಲ್ಲಿ ಒಂದು ಕಂಪನಿ ಬಾಗಿಲು ಹಾಕಿತೋ, ಇಲ್ಲಿ ಅದರ ವಿಮಾನ ಅಳಿಯಬೇಕು. ಅಲ್ಲಿ ಬಾಲಕ್ಕೆ ಹೊಸ ಬಣ್ಣ ಬಂತೋ, ಇಲ್ಲೂ ಬರಬೇಕು. ತನ್ನ ಪರದೆಯಲ್ಲಿ ಒಂದೂ ಸುಳ್ಳು ವಿಮಾನ ಇರಕೂಡದೆಂಬುದು ಅವನ ವ್ರತ. ಉಪವಾಸ ಮಾಡುವ ವ್ರತವಾಗಿದ್ದರೆ ಮನೆಗೆ ಅಕ್ಕಿಯಾದರೂ ಉಳಿಯುತ್ತಿತ್ತು!

ನಮ್ಮಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದವರು. ಹೀಗಾಗಿ ತಮ್ಮನ ಕಣ್ಣಿಗೆ ವಿಮಾನವೆಂದರೂ ಸೀರೆಯೇ. ಬಾಲವನ್ನು ಅವನು ಸೆರಗು ಎನ್ನುತ್ತಾನೆ, ಕಿಟಕಿಗಳ ಕೆಳಗಿನ ಪಟ್ಟಿಯನ್ನು ದಡಿ ಎನ್ನುತ್ತಾನೆ, ಉಳಿದ ಮೈಯೆಲ್ಲ ಒಡಲು. ಒಂದು ಮಧ್ಯಾಹ್ನ ನನ್ನ ಟ್ರಂಕಿನ ಮುಂದೆ ಬಂದು ನಿಂತ.

“ಅಕ್ಕಾ, ನಿನ್ನ ದಾಳಿಂಬರ ಸೀರಿ ಕೊಡು.”

“ಯಾಕೋ?”

“ವಿಮಾನಕ್ಕ ಉಡಸಬೇಕು. ಗಂಟಿನಾಗ ಬಂದದ್ದು ಇಟ್ಟಂಗಿ ಬಣ್ಣದ ಸೆರಗು. ಖರೇದು ಹಂಗಿಲ್ಲ.”

ಸೀರೆಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಕೆಂಪನ್ನು ಒಂದೊಂದೇ ಎಳೆಯಂತೆ ಏರಿಸಿ ಇಳಿಸಿ, ಊಟದ ಹೊತ್ತು ಮೀರುವವರೆಗೆ ಕೂತ. ಶಾಂತವ್ವ ಒಳಗಿನಿಂದ ಕೂಗಿದಳು: “ನೋಡ್ರಿ ಅಕ್ಕಾರ! ಕಟಗೊಂಡ ಹೇಣ್ತಿಗಿ ಒಂದ ಸೀರಿ ತರಲಿಲ್ಲ, ಊರ ಮಂದಿ ವಿಮಾನಕ್ಕ ಸೆರಗ ಹೊಚ್ಚಾಕತ್ತಾರ!”

“ನಿಮ್ಮದಕ್ಕೂ ಹೊಚ್ಚೇನಿ ಬಿಡು,” ಎಂದ ತಮ್ಮ, ತಲೆ ಎತ್ತದೆ.

‘ನಿಮ್ಮದು’ ಎಂದರೆ ಶಾಂತವ್ವನ ಕಂಪನಿಯ ವಿಮಾನ. ಅವಳು ದಾಬೋಳಿಯಲ್ಲಿ ಒಂದೇ ಕಂಪನಿಯ ವಿಮಾನಗಳ ಒಳಗೆ ಗುಡಿಸಿ ಒರೆಸುವ ಕೆಲಸಕ್ಕಿದ್ದಾಳೆ. ಮನೆ ನಡೆಯುವುದು ಆ ಕೆಲಸದಿಂದ.

ಇಷ್ಟರವರೆಗೆ ನಗಬಹುದು. ಇನ್ನು ಮುಂದಿನದನ್ನು ಹೇಳುವಾಗ ನನಗೇ ಬೆನ್ನ ಹಿಂದೆ ಒಮ್ಮೆ ನೋಡಿಕೊಳ್ಳಬೇಕೆನಿಸುತ್ತದೆ. ನಾನು ಕಂಡವರು ಹೇಳಿದ್ದನ್ನೆಲ್ಲ ನಂಬುವವಳಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದನ್ನೂ ಇನ್ನೊಂದು ಪತ್ರಿಕೆ ಓದುವವರೆಗೆ ತಡೆಹಿಡಿಯುವವಳು. ಅಕ್ಷರಗಳನ್ನು ನಾನಾಗಿ ಕಲಿತವಳಿಗೆ ಈ ಒಂದು ಮೊಂಡುತನವಾದರೂ ಇರಬಾರದೆ? ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲು ಬರುವುದಿಲ್ಲ.

ಒಂದು ದಿನ ತಮ್ಮ ಮನೆಯಲ್ಲಿ ಇಲ್ಲದಾಗ ಅವನ ಕೋಣೆ ಗುಡಿಸಲು ಹೋದೆ. ಪರದೆ ಬೆಳಗುತ್ತಿತ್ತು. ಅದರೊಳಗಿನ ಅಂಗಳ ಖಾಲಿ. ಬಿಸಿಲು, ಸಿಮೆಂಟು ನೆಲ, ಆಚೆಗೆ ಸಮುದ್ರ. ನೋಡುತ್ತಿದ್ದಂತೆ ದೂರದಿಂದ ಒಂದು ವಿಮಾನ ತೆವಳುತ್ತ ಬಂತು. ಬಂದು, ತಿರುಗಿ, ಮೂಗನ್ನು ನೇರ ನನ್ನ ಕಡೆ ಮಾಡಿ ನಿಂತಿತು. ಮುಂದಿನ ಗಾಜಿನೊಳಗೆ ಯಾರೂ ಇರಲಿಲ್ಲ. ದೀಪಗಳು ಆರಿದವು. ಮೆಟ್ಟಿಲುಗಾಡಿ ತಾನೇ ಬಂದು ಅಂಟಿಕೊಂಡಿತು. ಬಾಗಿಲು ತೆರೆಯಿತು. ನಾನು ಪೊರಕೆ ಹಿಡಿದು ಕಾದೆ, ಕಾದೆ. ಯಾರೂ ಇಳಿಯಲಿಲ್ಲ! ಅತಿಥಿ ಬಂದಾಗ ಪೊರಕೆ ಹಿಡಿದು ನಿಲ್ಲಬಾರದೆಂದು ಅದನ್ನು ಬೆನ್ನ ಹಿಂದೆ ಮರೆಮಾಡಿದೆ ಎಂಬುದನ್ನು ಯಾರಿಗೂ ಹೇಳಬೇಡಿ.

ತಮ್ಮ ಬಂದ ಮೇಲೆ ಕೇಳಿದೆ: “ನೀ ಇಲ್ಲದಾಗೂ ಬರ್ತಾವೇನೋ ಅವು?”

“ಬರ್ತಾವ. ಅವಕ್ಕ ನಾವ ಬೇಕಂತ ಏನೂ ಇಲ್ಲ.”

“ಇಲ್ಲಿಂದ ಎದ್ದದ್ದು ಎಲ್ಲಿ ಹೋಗತೈತಿ?”

“ಕಣ್ಣಿಗಿ ಕಾಣದಷ್ಟ ದೂರ ಹೋದ್ರ ಅಳಸಿ ಹೋಗತೈತಿ ಅಕ್ಕಾ.”

“ಅಯ್ಯ! ಒಳಗಿನ ಮಂದಿ?”

“ಒಳಗ ಮಂದಿ ಇದ್ರ ತಾನ!” ಎಂದು ನಕ್ಕು ಚಹಾ ಕೇಳಿದ. ಚಹಾಕ್ಕೆ ಆ ದಿನ ಸಕ್ಕರೆ ಹಾಕಿದೆನೋ ಉಪ್ಪು ಹಾಕಿದೆನೋ ನೆನಪಿಲ್ಲ. ಅವನು ಮಾತ್ರ ಮರುಮಾತಿಲ್ಲದೆ ಕುಡಿದ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಮೊದಲು ಪರದೆಯ ವಿಮಾನ ಇಳಿಯುತ್ತದೆ. ಅದರ ಸದ್ದು ಸ್ಪೀಕರಿನಲ್ಲಿ ಅಡಗುತ್ತದೆ. ಸ್ವಲ್ಪ ಹೊತ್ತಿಗೆ ನಮ್ಮ ಅಡಿಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನುಡಿಯುತ್ತವೆ, ಕಿಟಕಿಯ ಮೇಲಿನ ತಗಡು ನಡುಗುತ್ತದೆ, ಅದೇ ಕಂಪನಿಯ, ಅದೇ ಸೆರಗಿನ ನಿಜವಾದ ವಿಮಾನ ತಲೆಯ ಮೇಲೆ ಹಾದುಹೋಗುತ್ತದೆ! ಮೊದಲು ನೆರಳು, ಆಮೇಲೆ ವಸ್ತು. ನಾನು ಕಾರಣ ಹುಡುಕಿದೆ, ಸಿಕ್ಕಿತು ಕೂಡ. ಪರದೆಯ ವಿಮಾನ ಹೇಳಿದ ಹೊತ್ತಿಗೆ ಬರುತ್ತದೆ, ನಿಜವಾದದ್ದು ತಡವಾಗಿ ಬರುತ್ತದೆ, ಅಷ್ಟೆ! ಆದರೆ ನಮ್ಮ ಓಣಿಗೆ ಇಂಥ ಸಪ್ಪೆ ಕಾರಣಗಳು ರುಚಿಸುವುದಿಲ್ಲ. ತಮ್ಮ ಪರದೆಯಲ್ಲಿ ಏನು ಇಡುತ್ತಾನೋ ಅದೇ ಆಕಾಶದಲ್ಲಿ ಬರುತ್ತದೆ ಎಂದು ಓಣಿ ತೀರ್ಮಾನಿಸಿತು.

ಈ ನಂಬಿಕೆಯ ಪ್ರಧಾನ ಪ್ರಚಾರಕ ಪಕ್ಕದ ಮನೆಯ ಮೌಲಾಸಾಬ. ವಿಜಯಪುರದ ಕಡೆಯವನು, ದಾಬೋಳಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ದಿನಾ ಗಾಡಿ ತೆಗೆಯುವ ಮುಂಚೆ ಕಿಟಕಿಯಲ್ಲಿ ಇಣುಕುತ್ತಿದ್ದ: “ಕಾಕಾ, ಇವತ್ತ ಗಿರಾಕಿ ಹೆಂಗದಾವ್ರಿ? ಒಂದೆರಡ ವಿಮಾನ ಜಾಸ್ತಿ ಬಿಡ್ರೆಲ್ಲಾ, ನಿಮ್ಮ ಗಂಟೇನ ಹೋಗತೈತಿ?”

ನನಗೆ ಸಹಿಸಲಾಗಲಿಲ್ಲ. ತಮ್ಮನಿಗೆ ಪರೀಕ್ಷೆಯೊಂದನ್ನು ಒಡ್ಡಿದೆ. ಜಗತ್ತಿನಲ್ಲೇ ಇಲ್ಲದ ಒಂದು ವಿಮಾನವನ್ನು ಇಡು, ಅದು ಆಕಾಶದಲ್ಲಿ ಬಂದರೆ ನಾನೂ ಕಾಯಿ ಒಡೆಯುತ್ತೇನೆ ಎಂದೆ. ಸುಳ್ಳು ವಿಮಾನ ಇಡಲಾರೆನೆಂದು ತಮ್ಮ ಹಠ ಹಿಡಿದ. ಒಂದೇ ಸಂಜೆಗೆ ಎಂದು ಒಪ್ಪಿಸಿದೆ. ಇಳಕಲ್ ಸೀರೆಯ ಒಡಲು, ದಡಿ, ಸೆರಗು ಎಲ್ಲ ಕೂಡಿಸಿ ಒಂದು ವಿಮಾನವನ್ನು ಸಿಂಗರಿಸಿದ. ಅದು ಪರದೆಯಲ್ಲಿ ಇಳಿದ ಕ್ಷಣಕ್ಕೆ ಓಣಿಯೆಲ್ಲ ತಾರಸಿಯ ಮೇಲಿತ್ತು. ಮೌಲಾಸಾಬ ಟ್ಯಾಕ್ಸಿ ಬಿಟ್ಟು ಬಂದಿದ್ದ. ಬಾಯಿ ತೆರೆದು ನಿಂತೆವು. ಬಂದದ್ದೆಲ್ಲ ಮಾಮೂಲಿನವು. ಹೊತ್ತು ಮುಳುಗಿತು. ಸೀರೆಯ ವಿಮಾನ ಬರಲಿಲ್ಲ.

“ಈಗೇನಂತಿ?” ಎಂದು ಮೌಲಾಸಾಬನನ್ನು ಕೇಳಿದೆ.

ಅವನು ಒಂದಿಷ್ಟೂ ಅಳುಕಲಿಲ್ಲ. “ಬಂದೈತ್ರಿ ಅಕ್ಕಾರ. ಉತ್ತರದ ಹೊಸಾ ಏರ್‌ಪೋರ್ಟಿಗಿ ಹೋಗಿರಬೇಕು. ಈಗ ಎಲ್ಲಾ ಅಲ್ಲೇ ಹೊಂಟಾವಲ್ಲಾ!”

ತಾರಸಿಯೆಲ್ಲ ಗೊಳ್ಳೆಂದು ನಕ್ಕಿತು. ಶಾಂತವ್ವ ನಗಲಿಲ್ಲ. ಒಣಹಾಕಿದ್ದ ಬಟ್ಟೆಗಳನ್ನು ತೆಗೆದುಕೊಂಡು ಕೆಳಗೆ ಇಳಿದಳು.

ಗೋವೆಯ ಉತ್ತರ ತುದಿಯಲ್ಲಿ ಹೊಸ ನಿಲ್ದಾಣವಾದಂದಿನಿಂದ ಒಂದೊಂದೇ ವಿಮಾನ ಅತ್ತ ಸರಿಯುತ್ತಿತ್ತು. ಶಾಂತವ್ವನ ಕಂಪನಿಯೂ ಸರಿಯುತ್ತದೆಂಬ ಸುದ್ದಿ ಹಬ್ಬಿತ್ತು. ಹಾಗಾದರೆ ಅವಳ ಕೆಲಸ ಹೋದಂತೆಯೇ. ಅಷ್ಟು ದೂರ ಹೋಗಿ ಬಂದು ಮಾಡುವುದು ಸಾಧ್ಯವಿರಲಿಲ್ಲ, ಅಲ್ಲಿ ಆಗಲೇ ಅಲ್ಲಿಯ ಹೆಂಗಸರಿದ್ದರು. ಮೇಲ್ವಿಚಾರಕ ಇಂದು ಇಲ್ಲವೆನ್ನುತ್ತಿದ್ದ, ನಾಳೆ ನೋಡೋಣವೆನ್ನುತ್ತಿದ್ದ. ಯಾರ ಮಾತನ್ನು ನಂಬುವುದು? ಶಾಂತವ್ವ ಯಾರನ್ನೂ ನಂಬಲಿಲ್ಲ. ದಿನಾ ಮಧ್ಯಾಹ್ನ ಪಾಳಿಗೆ ಹೊರಡುವಾಗ ಕೊರಳಿಗೆ ಗುರುತಿನ ಚೀಟಿ ಹಾಕಿಕೊಳ್ಳುತ್ತ ಗಂಡನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ನಮ್ಮದ ಐತೇನ್ರಿ?”

“ಐತಿ.”

ಅಷ್ಟು ಕೇಳಿ ಹೋಗುತ್ತಿದ್ದಳು. ಪರೀಕ್ಷೆ ಮಾಡಿ ತೋರಿಸಿದವಳು ನಾನು. ನನ್ನ ಪರೀಕ್ಷೆಗೆ ಮನೆಯಲ್ಲಿ ಸಿಕ್ಕ ಮರ್ಯಾದೆ ನೋಡಿ!

ಮಳೆಗಾಲ ಕಳೆದು ವಿಮಾನಗಳ ವೇಳೆ ಬದಲಾಗುವ ಕಾಲ ಬಂತು. ಹೊಸ ಗಂಟು ಬಂತು. ತಮ್ಮ ಹಳೆಯದನ್ನೆಲ್ಲ ಒರೆಸಿ ತೆಗೆದ. ಆ ದಿನ ಬಾಗಿಲು ಮುಂದೆ ಮಾಡಿಕೊಂಡು ಕೂತವನು ಊಟಕ್ಕೂ ಏಳಲಿಲ್ಲ. ನಾನು ತಟ್ಟೆ ಹಿಡಿದು ಒಳಗೆ ಹೋದಾಗಲೇ ಶಾಂತವ್ವನೂ ಹೊರಡುವ ವೇಷದಲ್ಲಿ ಬಂದು ನಿಂತಳು.

“ನಮ್ಮದ ಐತೇನ್ರಿ?”

ತಮ್ಮ ತಡೆದು ಹೇಳಿದ: “ಐತಿ.”

ಆಗಲೇ ಪರದೆಯ ಸಮುದ್ರದ ಕಡೆಯಿಂದ ಒಂದು ವಿಮಾನ ಇಳಿಯಿತು. ಅದು ಬೆಳ್ಳಗಿತ್ತು. ಹೆಸರಿಲ್ಲ, ದಡಿಯಿಲ್ಲ, ಸೆರಗಿಲ್ಲ. ಬಣ್ಣ ಅದ್ದದ ನೂಲಿನಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿದಂತಿತ್ತು. ಅಂಗಳಕ್ಕೆ ಬಂದು, ಸಾವಕಾಶವಾಗಿ ತಿರುಗಿ, ನಮ್ಮ ಮೂವರ ಕಡೆ ಮುಖ ಮಾಡಿ ನಿಂತು ದೀಪ ಆರಿಸಿತು.

“ಇದ್ಯಾವುದ್ರಿ?” ಎಂದಳು ಶಾಂತವ್ವ.

ತಮ್ಮ ಕೀಲಿಮಣೆಯ ಧೂಳು ಒರೆಸತೊಡಗಿದ.

“ನಮ್ಮದ ಹೊತ್ತಿಗಿ ಬಂದೈತಿ. ನಮ್ಮದ ಜಾಗಾದಾಗ ನಿಂತೈತಿ,” ಎಂದು ತನಗೆ ತಾನೇ ಎಂಬಂತೆ ಹೇಳಿ, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮರುದಿನವೂ ಅದು ಬಂತು. ಅದರ ಮರುದಿನವೂ. ಬಣ್ಣಬಣ್ಣದ ವಿಮಾನಗಳ ನಡುವೆ ಅದೊಂದೇ ಬಂದು, ಬಾಗಿಲು ತೆರೆದು, ಯಾರನ್ನೂ ಇಳಿಸದೆ, ಯಾರನ್ನೂ ಹತ್ತಿಸಿಕೊಳ್ಳದೆ ಹೊರಟುಹೋಗುತ್ತಿತ್ತು. ಮೌಲಾಸಾಬ ಕಿಟಕಿಯಲ್ಲಿ ಇಣುಕಿದವನು ಹಿಂದೆ ಸರಿದ. “ಹೆಣಕ್ಕ ಕಫನ್ ಹೊಚ್ಚಿದಂಗ ಐತ್ರಿ ಅಕ್ಕಾರ,” ಎಂದು ಪಿಸುಗುಟ್ಟಿ, ಆ ವಾರವೆಲ್ಲ ಟ್ಯಾಕ್ಸಿಯನ್ನು ವಿಮಾನಕ್ಕೆ ಬಿಡದೆ ರೈಲಿಗೆ ಬಿಟ್ಟ! ಓಣಿಯ ಹೆಂಗಸರು ನಮ್ಮ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸತೊಡಗಿದರು.

ನಾನು ಸುಮ್ಮನೆ ಕೂರುವವಳೆ? ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ಫೋನಿನಲ್ಲಿ ಪರದೇಶದ ಹವ್ಯಾಸಿಗಳ ಪ್ರಶ್ನೋತ್ತರಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಬಿಳಿ ವಿಮಾನ ಅವರನ್ನೂ ಕಾಡಿತ್ತು. ಕಾರಣ ಸರಳ. ಇಂಥ ವಿಮಾನ ಬರಲಿ ಎಂದು ಹೇಳಿಟ್ಟು, ಅದರ ಬಣ್ಣದ ಉಡುಪನ್ನು ಮಾತ್ರ ಅಳಿಸಿದ್ದರೆ, ಕಂಪ್ಯೂಟರ್ ಆ ವಿಮಾನವನ್ನು ತಡೆಯುವುದಿಲ್ಲ. ಇದ್ದ ಹಾಗೆ ಬೆಳ್ಳಗೆ ಕಳಿಸಿಬಿಡುತ್ತದೆ. ಗೆದ್ದೆನೆಂದು ಫೋನು ಕೆಳಗಿಟ್ಟೆ. ಇಟ್ಟ ಕೂಡಲೆ ಮತ್ತೆ ಕೈಗೆತ್ತಿಕೊಂಡೆ. ಬರಲಿ ಎಂದು ಹೇಳಿಟ್ಟವರಿಲ್ಲದೆ ಅದು ಬರುವುದಿಲ್ಲ, ಅಲ್ಲವೆ?

ತಮ್ಮನ ಎದುರು ಹೋಗಿ ಕೂತೆ. “ಖರೇ ಹೇಳು. ಈ ಹೊಸಾ ಗಂಟಿನಾಗ ಶಾಂತವ್ವನ ವಿಮಾನ ದಾಬೋಳಿಗಿ ಬರತೈತೇನು?”

“ಇಲ್ಲ ಅಕ್ಕಾ. ಖರೇದು ಇನ್ನ ನಾಕ ದಿನಾ ಬರಬಹುದು, ಗಂಟಿನಾಗ ಎಲ್ಲಾ ಉತ್ತರಕ್ಕ ಹಾಕ್ಯಾರ.”

“ಹಂಗಾದ್ರ ಇದನ್ನ ಕರದಾವ್ರು ಯಾರು?”

ಅವನು ಪರದೆಯನ್ನು ನೋಡುತ್ತಲೇ ಇದ್ದ. “ನಾನ,” ಎಂದ.

“ನೀನ!”

“ಅಕಿ ದಿನಾ ಕೇಳತಾಳಲ್ಲ. ಐತಿ ಅನ್ನಾಕ ಏನರ ಇರಬೇಕಲ್ಲ ಅಕ್ಕಾ.”

“ಹಂಗಿದ್ರ ಬಣ್ಣಾ ಯಾಕ ಹಚ್ಚಲಿಲ್ಲ? ಹಗಲೆಲ್ಲಾ ಕೂತ ನನ್ನ ಸೀರಿ ಬಣ್ಣಾ ತಗದಾಂವ ನೀ!”

“ಬಣ್ಣಾ ಹಚ್ಚಿದ್ರ ಪೂರಾ ಸುಳ್ಳ ಆಗತೈತಿ,” ಎಂದ ನನ್ನ ತಮ್ಮ. “ಬೆಳ್ಳಗ ಬಿಟ್ರ ಅರ್ಧಾ.”

ಇಂಥ ವ್ರತವನ್ನು ನೀವೆಲ್ಲಾದರೂ ಕಂಡಿದ್ದೀರಾ? ಹೆಂಡತಿಗೆ ಸುಳ್ಳು ಹೇಳಬೇಕು. ವಿಮಾನದ ಮೈಮೇಲೆ ಮಾತ್ರ ಬರೆಯಬಾರದು! ಈ ವಿಷಯ ಶಾಂತವ್ವನಿಗೆ ಹೇಳಬೇಡವೆಂದು ಅವನೂ ಕೇಳಿಕೊಳ್ಳಲಿಲ್ಲ, ಹೇಳುತ್ತೇನೆಂದು ನಾನೂ ಅನ್ನಲಿಲ್ಲ.

ಹೇಳುವ ಅಗತ್ಯವೇ ಬೀಳಲಿಲ್ಲ. ಕೆಲವು ದಿನಗಳ ಮೇಲೆ ಪಾಳಿಗೆ ಹೋದ ಶಾಂತವ್ವ ಬಿಸಿಲು ಇಳಿಯುವ ಮೊದಲೇ ತಿರುಗಿ ಬಂದಳು. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ.

“ಹೋತು ಅಕ್ಕಾರ. ನಾಳಿಯಿಂದ ಎಲ್ಲಾ ಅಲ್ಲೇ ಅಂತ,” ಎಂದಳು. ಕಾಲು ತೊಳೆದಳು, ನೀರು ಕುಡಿದಳು, ನೆಟ್ಟಗೆ ಗಂಡನ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋದೆ.

ತಮ್ಮ ಗಡಬಡಿಸಿ ಎದ್ದ. “ತಗದ ಹಾಕತೇನಿ, ಈಗ ತಗದ ಹಾಕತೇನಿ,” ಎನ್ನುತ್ತ ಗುಂಡಿ ಹುಡುಕಿದ.

“ಇರ್ಲಿ ಬಿಡ್ರಿ. ಹೊತ್ತಾತು, ಬರತೈತಿ,” ಎಂದು ಶಾಂತವ್ವ ಸ್ಟೂಲು ಎಳೆದುಕೊಂಡು ಕೂತಳು. ಆ ಪರದೆಯ ಮುಂದೆ ಅವಳು ಕೂತದ್ದು ಅದೇ ಮೊದಲು.

ಬಿಳಿ ವಿಮಾನ ಬಂತು. ತಿರುಗಿತು, ನಿಂತಿತು, ದೀಪ ಆರಿಸಿತು. ಮೆಟ್ಟಿಲು ಬಂದು ಅಂಟಿತು. ಬಾಗಿಲು ತೆರೆಯಿತು, ಒಳಗೆ ಕತ್ತಲೆ. ನನಗೆ ತಡೆಯಲಾಗಲಿಲ್ಲ.

“ಯಾರೂ ಇಳಿಯೂದಿಲ್ಲ ನೋಡವ್ವ. ಅದ ನನಗ ಅಂಜಿಕಿ.”

ಶಾಂತವ್ವ ನನ್ನ ಕಡೆ ಆಶ್ಚರ್ಯದಿಂದ ನೋಡಿದಳು. “ಇಳದ ಹೋಗ್ಯಾರ್ರಿ ಅಕ್ಕಾರ. ಎಲ್ಲಾರೂ ಇಳದ ಮ್ಯಾಲೇ ನಮ್ಮನ್ನ ಒಳಗ ಬಿಡೂದು. ನಾ ಎಂದೂ ಮಂದಿ ತುಂಬಿದ ವಿಮಾನ ನೋಡೇ ಇಲ್ಲ. ಯಾವಾಗ ಹತ್ತಿದ್ರೂ ಹಿಂಗ ಇರತೈತಿ, ಖಾಲಿ, ಗಪ್ಪ್.”

ವಿಮಾನ ನಿಂತೇ ಇತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ, ಹಿಂದಿನ ಸಾಲಿನಿಂದ ಸುರು ಮಾಡಬೇಕು, ಸೀಟಿನ ಚೀಲದಾಗ ಕೈ ಹಾಕಿ ನೋಡಬೇಕು, ಕೂಸುಗೋಳು ಬಿಸ್ಕೀಟ ತಿಂದಲ್ಲಿ ಇರವಿ ಬರತಾವು, ಎಂದು ಮೆಲ್ಲಗೆ ಒಂದೊಂದೇ ಮಾತು ಆಡಿದಳು. ತೊಡೆಯ ಮೇಲಿನ ಅವಳ ಕೈ ಒರೆಸುವಂತೆ ಅಷ್ಟಷ್ಟು ಸರಿಯುತ್ತಿತ್ತು.

ಆಗ ನನ್ನ ತಮ್ಮ ಎಂದೂ ಮಾಡದ ಕೆಲಸವೊಂದನ್ನು ಮಾಡಿದ. ಗುಂಡಿ ಒತ್ತುತ್ತ, ತಾನು ನಿಲ್ಲುವ ಜಾಗವನ್ನು ಬಿಟ್ಟು ಹೊರಟ. ಪರದೆಯಲ್ಲಿ ಅಂಗಳ ನಮ್ಮ ಕಡೆ ಸರಿಯಿತು, ಮೆಟ್ಟಿಲು ಹತ್ತಿರವಾಯಿತು, ಒಂದೊಂದೇ ಮೆಟ್ಟಿಲು ಕೆಳಗೆ ಉಳಿಯುತ್ತ ಬಂತು. ಕಂಪ್ಯೂಟರ್ ನಡೆಸುವ ಈ ವಿಮಾನಗಳ ಒಳಗೆ ಸೀಟು, ನೆಲ ಏನೂ ಇರುವುದಿಲ್ಲವೆಂದು ನಾನು ಓದಿದ್ದೆ. ಹೊರಗಿನ ತೊಗಲು ಮಾತ್ರ, ಒಳಗೆ ಕಾಲಿಟ್ಟರೆ ಆಚೆಯ ಸಮುದ್ರ ಕಾಣುತ್ತದೆ. ತಮ್ಮನಿಗೂ ಅದು ಗೊತ್ತಿತ್ತು. ಬಾಗಿಲ ಕತ್ತಲೆಯ ಮುಂದೆ ಬಂದು ಅವನ ಕೈ ನಿಂತಿತು. ಮುಂದೆ ಹೋಗಲೂ ಆಗದೆ, ಹಿಂದೆ ಬರಲೂ ಆಗದೆ ನಿಂತುಬಿಟ್ಟ.

ಶಾಂತವ್ವ ಅವನ ಮಣಿಕಟ್ಟಿನ ಮೇಲೆ ತನ್ನ ಕೈ ಇಟ್ಟಳು.

“ಒಳಗ ಬರಬ್ಯಾಡ್ರಿ,” ಎಂದಳು. “ಈಗಷ್ಟ ಒರಸೇನಿ.”